ವೀಸಾ ಸಿಕ್ಕ ಮೇಲಿನ ತಿಂಗಳುಗಳು: ಹೊರದೇಶಕ್ಕೆ ಹೊರಟ ಶಿಕ್ಷಕರಿಗೆ

ಮಾನ್ಯ ಸಂಪಾದಕರೇ,

ಹೊರದೇಶದ ಶಾಲೆಗಳಲ್ಲಿ ಶಿಕ್ಷಕರಿಗಿರುವ ಅವಕಾಶಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಅರ್ಜಿ, ಸಂದರ್ಶನ, ವೀಸಾ ಇಷ್ಟಕ್ಕೆ ಮುಗಿಯುತ್ತವೆ. ವಿಮಾನ ಇಳಿದ ಮೇಲಿನ ಎರಡು ಮೂರು ತಿಂಗಳ ಮಾತು ಬರುವುದೇ ಅಪರೂಪ. ಆದರೆ ಹೊಸ ಶಿಕ್ಷಕರು ಅಲ್ಲಿ ನೆಲೆ ನಿಲ್ಲುತ್ತಾರೋ ಮರಳುತ್ತಾರೋ ಎಂಬುದು ಬಹುಮಟ್ಟಿಗೆ ಆ ತಿಂಗಳುಗಳಲ್ಲೇ ತೀರ್ಮಾನವಾಗುತ್ತದೆ. ಹೊಸಬರನ್ನು ಹತ್ತಿರದಿಂದ ನೋಡುತ್ತ ಬಂದಿರುವ ನಮ್ಮ ಅನಿಸಿಕೆ ಇಷ್ಟು: ಪಾಠ ಮಾಡಲು ಬಾರದೆ ಸೋತವರು ಕಡಿಮೆ. ವಿಳಾಸದ ದಾಖಲೆ, ಬ್ಯಾಂಕ್ ಖಾತೆ, ಫೋನ್ ನಂಬರು, ಸಂಬಳ ಇವುಗಳಲ್ಲಿ ಯಾವುದು ಮೊದಲು ಯಾವುದು ನಂತರ ಎಂದು ತಿಳಿಯದೆ ಕೈಹಾಕಿ, ಆ ಓಡಾಟದ ದಣಿವನ್ನು ತರಗತಿಗೆ ಹೊತ್ತು ತಂದವರು ಹೆಚ್ಚು. ಆ ಕ್ರಮವನ್ನೂ ಅದು ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳಲು ಈ ಪತ್ರ.

ಹೊರಡುವ ಮೊದಲೇ ಮುಗಿಸಬೇಕಾದದ್ದು, ಅಲ್ಲಿಗೆ ಹೋದ ಮೇಲೆ ಮಾಡುವುದು ತುಂಬ ಕಷ್ಟವಾದದ್ದು ಪ್ರಮಾಣಪತ್ರಗಳ ದೃಢೀಕರಣ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದಕ್ಕೆ ಎರಡೂ ದೇಶಗಳು ಸೇರಿದ್ದರೆ ಅಪೊಸ್ಟಿಲ್ ಎಂಬ ಒಂದೇ ಪತ್ರ ಸಾಕು. ಅದು ಹತ್ತು ಅಂಶಗಳಿರುವ ಚೌಕದ ಪ್ರಮಾಣಪತ್ರ. ದಾಖಲೆ ಯಾವ ದೇಶದಲ್ಲಿ ಹುಟ್ಟಿತೋ ಆ ದೇಶದ ಅಧಿಕೃತ ಕಚೇರಿಯೇ ಅದನ್ನು ಕೊಡಬೇಕು, ರಾಯಭಾರ ಕಚೇರಿ ಕೊಡುವುದಿಲ್ಲ. ಒಪ್ಪಂದಕ್ಕೆ ಸೇರದ ದೇಶಕ್ಕೆ, ಉದಾಹರಣೆಗೆ ಯುಎಇಗೆ, ಹೊರಟವರಿಗೆ ದಾರಿ ಉದ್ದ: ಮೊದಲು ದಾಖಲೆ ಕೊಟ್ಟ ದೇಶದ ವಿದೇಶಾಂಗ ಇಲಾಖೆ, ಆಮೇಲೆ ಹೋಗುವ ದೇಶದ ರಾಯಭಾರ ಕಚೇರಿ, ಕೊನೆಗೆ ಆ ದೇಶದ ವಿದೇಶಾಂಗ ಸಚಿವಾಲಯ. ಒಂದು ಮೆಟ್ಟಿಲು ಬಿಟ್ಟರೂ ಮುಂದಿನ ಕಚೇರಿ ತಿರಸ್ಕರಿಸುತ್ತದೆ. ಒಪ್ಪಂದಕ್ಕೆ ಸೇರಿದ ದೇಶಗಳ ಪಟ್ಟಿ ಬದಲಾಗುತ್ತಲೂ ಇರುತ್ತದೆ. ಸೌದಿ ಅರೇಬಿಯಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ, ಚೀನಾದಲ್ಲಿ 2023ರ ನವೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ. ಅದಕ್ಕೂ ಮೊದಲು ಹೋದವರು ಪ್ರೀತಿಯಿಂದ ಹೇಳುವ ಸಲಹೆ ಇಂದಿಗೆ ಹೊಂದದೇ ಇರಬಹುದು. ಇನ್ನೂ ಒಂದು ಸೂಕ್ಷ್ಮವಿದೆ: ಹೊಸದಾಗಿ ಸೇರಿದ ದೇಶದ ಬಗ್ಗೆ ಹಳೆಯ ಸದಸ್ಯ ದೇಶ ಆಕ್ಷೇಪಣೆ ಸಲ್ಲಿಸಿದ್ದರೆ ಆ ಎರಡರ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ಎರಡೂ ಸದಸ್ಯ ದೇಶಗಳು ಎಂದು ನೋಡಿದರೆ ಸಾಲದು, ಈ ಒಪ್ಪಂದವನ್ನು ನೋಡಿಕೊಳ್ಳುವ ಹೇಗ್ ಸಮ್ಮೇಳನ ಎಂಬ ಸಂಸ್ಥೆಯ ಜಾಲತಾಣದಲ್ಲಿ ತಮ್ಮ ಜೋಡಿ ದೇಶಗಳ ಸ್ಥಿತಿಯನ್ನೇ ನೋಡಿಕೊಳ್ಳಬೇಕು.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಕೆಲವು. ಪದವಿ ಪತ್ರದ ನಕಲಿಗೆ ನೋಟರಿ ಸಹಿ ಹಾಕಿಸಿ ಅದಕ್ಕೆ ಅಪೊಸ್ಟಿಲ್ ಮಾಡಿಸಿದರೆ ದೃಢವಾಗುವುದು ನೋಟರಿಯ ಸಹಿ, ವಿಶ್ವವಿದ್ಯಾಲಯದ್ದಲ್ಲ. ಕೆಲವು ಶಾಲೆಗಳು ಅದನ್ನು ಒಪ್ಪುತ್ತವೆ, ಹಲವು ಒಪ್ಪುವುದಿಲ್ಲ. ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಲ್ಯಾಮಿನೇಷನ್ ಮಾಡಿಸಿದ ಪದವಿ ಪತ್ರದ ಮೇಲೆ ಮುದ್ರೆ ಹಾಕಲು ಬರುವುದಿಲ್ಲ, ಹೊಸ ಪ್ರತಿಗೆ ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೇ ತಿಂಗಳುಗಟ್ಟಲೆ ಹಿಡಿಯಬಹುದು. ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು, ಪದವಿ ಪತ್ರದಲ್ಲಿ ಮೊದಲಕ್ಷರ, ಮದುವೆಯ ನಂತರ ಬದಲಾದ ಹೆಸರು ಇನ್ನೊಂದು ದಾಖಲೆಯಲ್ಲಿ ಇದ್ದರೆ, ಮೂರೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ ಅಥವಾ ವಿವಾಹ ಪ್ರಮಾಣಪತ್ರಕ್ಕೂ ಅದೇ ದೃಢೀಕರಣ ಬೇಕು.

ಅನುಭವ ಪತ್ರದ ವಿಷಯದಲ್ಲಿ ಜನ ತುಂಬ ಉದಾಸೀನ ಮಾಡುತ್ತಾರೆ. ‘ಇವರು ನಮ್ಮಲ್ಲಿ ಒಳ್ಳೆಯ ಕೆಲಸ ಮಾಡಿದರು’ ಎಂಬ ಒಂದು ಸಾಲಿನಿಂದ ಏನೂ ಆಗದು. ಸೇರಿದ ಮತ್ತು ಬಿಟ್ಟ ದಿನಾಂಕ, ಪೂರ್ಣಾವಧಿಯೋ ಅರೆಕಾಲಿಕವೋ, ವಾರಕ್ಕೆ ಎಷ್ಟು ಪೀರಿಯಡ್, ಯಾವ ವಿಷಯ, ಯಾವ ವಯಸ್ಸಿನ ಮಕ್ಕಳು, ಸಹಿ ಮಾಡಿದವರ ಹುದ್ದೆ, ಶಾಲೆಯ ಅಧಿಕೃತ ಇ-ಮೇಲ್ ಇಷ್ಟೂ ಇರಬೇಕು. ಅನುಭವದ ವರ್ಷಗಳ ಮೇಲೆ ವೇತನ ಶ್ರೇಣಿ ನಿಗದಿ ಮಾಡುವ ಶಾಲೆಗಳು ಈ ಪತ್ರವನ್ನೇ ನೋಡುತ್ತವೆ. ಒಂದು ವರ್ಷ ಲೆಕ್ಕಕ್ಕೆ ಬಾರದೆ ಹೋದರೆ ಅದರ ನಷ್ಟ ಮುಂದಿನ ಪ್ರತಿ ತಿಂಗಳೂ ಇರುತ್ತದೆ. ಹಳೆಯ ಶಾಲೆಯ ಮುಖ್ಯಸ್ಥರು ಬದಲಾದ ಮೇಲೆ ಆ ಪತ್ರ ತಿದ್ದಿಸುವುದು ಸುಲಭವಲ್ಲ.

ಪೊಲೀಸ್ ಪ್ರಮಾಣಪತ್ರ ಇದಕ್ಕೆ ತಿರುವುಮುರುವು. ಅದನ್ನು ತೀರ ಮೊದಲೇ ಮಾಡಿಸಬಾರದು, ಏಕೆಂದರೆ ಎಷ್ಟೋ ಕಡೆ ಕೆಲವೇ ತಿಂಗಳ ಒಳಗೆ ಪಡೆದದ್ದನ್ನು ಮಾತ್ರ ಒಪ್ಪುತ್ತಾರೆ. ಇದ್ದ ಒಂದು ದೇಶದ್ದು ಮಾತ್ರ ಸಾಲದಿರಬಹುದು. ಬ್ರಿಟನ್ನಿನಲ್ಲಿ ಶಿಕ್ಷಣ ಕ್ಷೇತ್ರದ ಸ್ಕಿಲ್ಡ್ ವರ್ಕರ್ ವೀಸಾಗೆ, ಹಿಂದಿನ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಹೆಚ್ಚು ಕಾಲ ಇದ್ದ ಪ್ರತಿ ದೇಶದಿಂದಲೂ ಅದನ್ನು ತರಬೇಕು. ನಡುವೆ ಬೇರೆ ದೇಶದಲ್ಲಿ ಓದಿದವರು, ಕೆಲಸ ಮಾಡಿದವರು ಇದನ್ನು ಮರೆತು ಕೊನೆಯ ವಾರದಲ್ಲಿ ಪರದಾಡುತ್ತಾರೆ.

ಇನ್ನು ನೇಮಕಾತಿ ಕರಾರು. ಮೊತ್ತದ ಅಂಕಿಯೊಂದನ್ನೇ ನೋಡಿ ಸಹಿ ಹಾಕುವವರೇ ಬಹಳ. ಸಂಬಳ 10 ತಿಂಗಳಿಗೋ 12 ತಿಂಗಳಿಗೋ ಎಂಬುದು ಮೊದಲ ಪ್ರಶ್ನೆ. ಅಮೆರಿಕದ ಕೆಲವು ಶಾಲಾ ಜಿಲ್ಲೆಗಳಲ್ಲಿ ಬೇಸಿಗೆ ರಜೆಯಲ್ಲಿ ಸಂಬಳ ಬರುವುದಿಲ್ಲ, ವರ್ಷದ ಮೊತ್ತವನ್ನು 12 ಕಂತಾಗಿ ಕೊಡಿ ಎಂದು ಸೇರುವಾಗಲೇ ಆರಿಸಿಕೊಳ್ಳಬೇಕಾಗುತ್ತದೆ. ಎರಡನೆಯದು, ಬೇಸಿಕ್ ಎಷ್ಟು, ಭತ್ಯೆ ಎಷ್ಟು ಎಂಬುದು. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚುಟಿ, ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲಿನ ವರ್ಷಗಳಿಗೆ 30 ದಿನದ ಬೇಸಿಕ್ ವೇತನದ ಲೆಕ್ಕದಲ್ಲಿ. ಒಟ್ಟು ಸಂಬಳ ಒಂದೇ ಇದ್ದರೂ ಬೇಸಿಕ್ ಅರ್ಧವಿರುವ ಕರಾರಿಗೂ ಮುಕ್ಕಾಲು ಇರುವ ಕರಾರಿಗೂ ಕೊನೆಯಲ್ಲಿ ಕೈಗೆ ಬರುವ ಹಣದಲ್ಲಿ ದೊಡ್ಡ ಅಂತರ. ಮೂರನೆಯದು ರಾಜೀನಾಮೆಯ ಗಡುವು. ಇಂಗ್ಲೆಂಡಿನ ಸರ್ಕಾರಿ ಅನುದಾನಿತ ಶಾಲೆಗಳಲ್ಲಿ ಡಿಸೆಂಬರ್ 31ಕ್ಕೆ ಬಿಡಲು ಅಕ್ಟೋಬರ್ 31ರೊಳಗೆ, ಏಪ್ರಿಲ್ 30ಕ್ಕೆ ಬಿಡಲು ಫೆಬ್ರವರಿ ಕೊನೆಯೊಳಗೆ, ಆಗಸ್ಟ್ 31ಕ್ಕೆ ಬಿಡಲು ಮೇ 31ರೊಳಗೆ ಶಿಕ್ಷಕರು ತಿಳಿಸಬೇಕು. ಒಂದು ದಿನ ತಪ್ಪಿದರೆ ಮತ್ತೊಂದು ಅವಧಿ ಪೂರ್ತಿ ಕಾಯಬೇಕಾಗುತ್ತದೆ. ಎಷ್ಟೋ ಅಂತರರಾಷ್ಟ್ರೀಯ ಶಾಲೆಗಳು ಮುಂದಿನ ವರ್ಷ ಇರುತ್ತೀರಾ ಎಂದು ಮೊದಲ ಅವಧಿ ಮುಗಿಯುವ ಮೊದಲೇ ಕೇಳುತ್ತವೆ. ಊರಿಗೇ ಇನ್ನೂ ಹೊಂದಿಕೊಳ್ಳದವರು ಉತ್ತರ ಕೊಡಬೇಕಾದ ಪ್ರಶ್ನೆ ಅದು, ಬರುತ್ತದೆ ಎಂದು ಗೊತ್ತಿದ್ದರೆ ಗಾಬರಿ ಕಡಿಮೆ.

ಕೈಯಲ್ಲಿ ಎಷ್ಟು ಹಣ ಬೇಕು ಎಂಬುದಕ್ಕೆ ಒಂದು ಲೆಕ್ಕ. ಆಗಸ್ಟ್ 10ಕ್ಕೆ ಇಳಿದಿರಿ, ಕೆಲಸ ಆಗಸ್ಟ್ 20ಕ್ಕೆ ಶುರು. ಶಾಲೆಯ ಸಂಬಳ ವಿಭಾಗ ತಿಂಗಳ 15ಕ್ಕೆ ಪಟ್ಟಿ ಮುಚ್ಚುತ್ತದೆ. ಆಗ ನಿಮ್ಮ ಹೆಸರು ಸೇರುವುದು ಸೆಪ್ಟೆಂಬರ್ ಪಟ್ಟಿಗೆ, ಹಣ ಬರುವುದು ಸೆಪ್ಟೆಂಬರ್ ಕೊನೆಗೆ. ಇಳಿದಾಗಿನಿಂದ ಐವತ್ತು ದಿನಗಳಾದವು. ಸೆಪ್ಟೆಂಬರ್ 15ರೊಳಗೆ ಬ್ಯಾಂಕ್ ಖಾತೆಯ ವಿವರ ಕೊಡದಿದ್ದರೆ ಮತ್ತೂ ಒಂದು ತಿಂಗಳು. ಈ ನಡುವೆ ಬಾಡಿಗೆ, ಅಡ್ವಾನ್ಸ್, ಓಡಾಟ, ಹಾಸಿಗೆ, ಪಾತ್ರೆ ಎಲ್ಲ ಕೈಯಿಂದಲೇ ಆಗಬೇಕು. ಮೂರು ತಿಂಗಳ ಖರ್ಚು ಇಲ್ಲದೆ ಹೊರಡಬಾರದು ಎಂದು ನಾವು ಹೇಳುವುದು ಇದಕ್ಕೆ. ಅಷ್ಟು ಹಣ ಇಲ್ಲದವರು ಶಾಲೆಯಿಂದ ಮುಂಗಡ ಸಂಬಳ ಕೇಳಬೇಕು, ಹೊರಡುವ ಮೊದಲು, ಬರಹದಲ್ಲಿ. ಕೊಡುವ ಶಾಲೆಗಳು ಇವೆ. ಕೇಳಲು ನಾಚುವವರು ಹೆಚ್ಚು ಬಡ್ಡಿಯ ಸಾಲಕ್ಕೆ ಸಿಕ್ಕಿಕೊಳ್ಳುತ್ತಾರೆ.

ಇಳಿದ ಮೇಲೆ ಎದುರಾಗುವ ದೊಡ್ಡ ಗಂಟು ಇದು: ಬ್ಯಾಂಕಿಗೆ ವಿಳಾಸದ ದಾಖಲೆ ಬೇಕು, ಮನೆ ಬಾಡಿಗೆಗೆ ಕೊಡುವವರಿಗೆ ಸಂಬಳದ ಚೀಟಿ ಮತ್ತು ಬ್ಯಾಂಕ್ ಖಾತೆ ಬೇಕು, ಫೋನ್ ಕಂಪನಿಗೆ ಬ್ಯಾಂಕ್ ಖಾತೆ ಬೇಕು, ಬ್ಯಾಂಕಿಗೆ ಮತ್ತೆ ಸ್ಥಳೀಯ ಫೋನ್ ನಂಬರು ಬೇಕು. ಎಲ್ಲಿಂದ ಹಿಡಿದರೂ ಇನ್ನೊಂದು ತುದಿ ಕೇಳುತ್ತಾರೆ. ಇದನ್ನು ಬಿಡಿಸುವ ಕ್ರಮ ಬಹುತೇಕ ಎಲ್ಲ ಕಡೆ ಒಂದೇ. ಮೊದಲ ದಿನ ಪಾಸ್‌ಪೋರ್ಟ್ ತೋರಿಸಿ ಪ್ರಿಪೇಯ್ಡ್ ಸಿಮ್. ಕರಾರಿನ ಫೋನ್ ಆಮೇಲೆ. ನಂತರ ಶಾಲೆಯಿಂದ ಲೆಟರ್‌ಹೆಡ್ ಮೇಲೆ ಒಂದು ಪತ್ರ: ನೌಕರರ ಹೆಸರು, ಹುದ್ದೆ, ಸಂಬಳ, ಸದ್ಯದ ವಿಳಾಸ. ಆ ಪತ್ರ ಹಿಡಿದು ಸ್ಥಳೀಯ ಕಚೇರಿಯಲ್ಲಿ ವಿಳಾಸದ ನೋಂದಣಿ, ನೋಂದಣಿಯ ಚೀಟಿ ಹಿಡಿದು ಬ್ಯಾಂಕ್, ಖಾತೆ ತೆರೆದ ದಿನವೇ ಅದರ ವಿವರ ಸಂಬಳ ವಿಭಾಗಕ್ಕೆ. ದೀರ್ಘಾವಧಿಯ ಮನೆ ಕೊನೆಗೆ. ಹಳೆಯ ಸಿಮ್ ಅನ್ನು ಮಾತ್ರ ಬಿಡಬೇಡಿ. ಹಿಂದಿನ ಬ್ಯಾಂಕಿನ ಒಟಿಪಿ ಆ ನಂಬರಿಗೇ ಬರುತ್ತದೆ. ರೀಚಾರ್ಜ್ ತಪ್ಪಿ ನಂಬರು ಹೋದರೆ, ಕೈಯಲ್ಲಿ ಹಣವಿಲ್ಲದ ಹೊತ್ತಿಗೇ ತಮ್ಮ ಉಳಿತಾಯ ತಮಗೆ ಸಿಗದಂತಾಗುತ್ತದೆ.

ದೇಶದಿಂದ ದೇಶಕ್ಕೆ ಗಡುವುಗಳು ಬೇರೆ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ತಾತ್ಕಾಲಿಕ ಕೋಣೆ ಕೊಡುವ ಎಷ್ಟೋ ಜನ ಆ ಚೀಟಿ ಕೊಡಲು ಒಪ್ಪುವುದಿಲ್ಲ, ಆದ್ದರಿಂದ ಕೋಣೆ ಕಾಯ್ದಿರಿಸುವ ಮೊದಲೇ ಕೇಳಿ. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಇಲ್ಲದಿದ್ದರೆ ಪತ್ರ ಹಿಂದಕ್ಕೆ ಹೋಗಬಹುದು. ಆ ಸಂಖ್ಯೆ ಸಂಬಳ ವಿಭಾಗಕ್ಕೆ ಸಿಗದಿದ್ದರೆ ಅತಿ ಹೆಚ್ಚಿನ ದರದ ತೆರಿಗೆ ವರ್ಗದಲ್ಲಿ ಕಡಿತವಾಗುತ್ತದೆ. ಒಂದು ಕಾಗದದ ಚೂರು ಅಂಟಿಸದೆ ಮೊದಲ ಸಂಬಳದ ದೊಡ್ಡ ಪಾಲು ನಿಂತುಹೋಗುವುದು ಹೀಗೆ. ಜಪಾನಿನಲ್ಲಿ ದೊಡ್ಡ ವಿಮಾನ ನಿಲ್ದಾಣಗಳಲ್ಲೇ ನಿವಾಸ ಕಾರ್ಡ್ ಕೈಗೆ ಸಿಗುತ್ತದೆ. ಮನೆ ಸೇರಿದ 14 ದಿನದೊಳಗೆ ಪುರಸಭೆಯ ಕಚೇರಿಗೆ ಹೋಗಿ ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಬರೆಸಬೇಕು, ಕಾರ್ಡ್ ಸದಾ ಜೊತೆಯಲ್ಲಿರಬೇಕು. ಬ್ರಿಟನ್ನಿನಲ್ಲಿ ಈಗ ಪ್ಲಾಸ್ಟಿಕ್ ಕಾರ್ಡ್ ಇಲ್ಲ, ಆನ್‌ಲೈನ್ ಖಾತೆಯಲ್ಲಿರುವ ಇ-ವೀಸಾ ಇದೆ. ಮನೆ ಮಾಲೀಕರಿಗೆ ಒಂದು, ಶಾಲೆಗೆ ಇನ್ನೊಂದು ಎಂದು ಉದ್ದೇಶವಾರು ಶೇರ್ ಕೋಡ್, ಅಂದರೆ ಅವರು ನಿಮ್ಮ ವೀಸಾ ಪರಿಶೀಲಿಸಲು ಬೇಕಾದ ಸಂಕೇತ, ತೆಗೆಯಬೇಕು. ಒಂದು ಕೋಡ್ 90 ದಿನ ನಡೆಯುತ್ತದೆ. ಪಾಸ್‌ಪೋರ್ಟ್ ನವೀಕರಿಸಿದರೆ ಆ ಖಾತೆಯಲ್ಲಿ ಹೊಸ ಸಂಖ್ಯೆ ಹಾಕಲು ಮರೆಯಬೇಡಿ. ಅಮೆರಿಕಕ್ಕೆ ವಿನಿಮಯ ಕಾರ್ಯಕ್ರಮದ ಜೆ-1 ವೀಸಾದಲ್ಲಿ ಹೋದವರು ಮೊದಲು ಆನ್‌ಲೈನ್‌ನಲ್ಲಿ ಐ-94 ಎಂಬ ಪ್ರವೇಶದ ದಾಖಲೆ ತೆಗೆದು ಹೆಸರು, ವೀಸಾ ವರ್ಗ ಸರಿಯಿದೆಯೇ ನೋಡಬೇಕು. ಪ್ರಾಯೋಜಕ ಸಂಸ್ಥೆ ತಮ್ಮ ಆಗಮನವನ್ನು ಸೆವಿಸ್ ಎಂಬ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಿಸಿದ ಮೇಲೆ, ಬಂದ ಸುಮಾರು ಹತ್ತು ದಿನ ಬಿಟ್ಟು, ಸಂಬಳ ಮತ್ತು ತೆರಿಗೆಗೆ ಬೇಕಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಅರ್ಜಿ ಹಾಕಬೇಕು. ಮರುದಿನವೇ ಓಡಿದರೆ ಕಂಪ್ಯೂಟರಿನಲ್ಲಿ ಹೆಸರೇ ಸಿಗದೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ.

ಅಮೆರಿಕದ ಸಂಬಳದ ಚೀಟಿಯಲ್ಲಿ ಇನ್ನೊಂದು ಸಾಲನ್ನೂ ನೋಡಿ. ಜೆ-1 ಶಿಕ್ಷಕರು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳಾಗಿರುವ ತನಕ, ಸಾಮಾನ್ಯವಾಗಿ ಮೊದಲ ಎರಡು ಕ್ಯಾಲೆಂಡರ್ ವರ್ಷ, ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಕಡಿತಕ್ಕೆ ಒಳಪಡುವುದಿಲ್ಲ. ಆದರೂ ಶಾಲೆಯ ತಂತ್ರಾಂಶ ಎಲ್ಲರಿಗೂ ಕಡಿಯುವಂತೆ ಇವರಿಗೂ ಕಡಿಯುತ್ತದೆ. ಮೊದಲ ಚೀಟಿಯಲ್ಲೇ ಹೇಳಿದರೆ ಶಾಲೆಯೇ ಸರಿಪಡಿಸುತ್ತದೆ. ವರ್ಷ ಕಳೆದ ಮೇಲೆ ಗೊತ್ತಾದರೆ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು.

ಮನೆಯ ವಿಷಯ. ನೋಡದ ಮನೆಗೆ ಹಣ ಕಳಿಸಬಾರದು ಎಂಬುದು ಎಲ್ಲರಿಗೂ ಗೊತ್ತಿದೆ, ಆದರೂ ಶಾಲೆ ಶುರುವಾಗುವ ಆತಂಕದಲ್ಲಿ ಕಳಿಸುತ್ತಾರೆ. ‘ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀಲಿ ಅಂಚೆಯಲ್ಲಿ ಬರುತ್ತದೆ’ ಎನ್ನುವ ಮಾಲೀಕರನ್ನು ನಂಬಬೇಡಿ. ಮೊದಲ ಎರಡರಿಂದ ನಾಲ್ಕು ವಾರಕ್ಕೆ ತಾತ್ಕಾಲಿಕ ವಾಸ ಹಿಡಿದು, ಮನೆ ನೋಡುವಾಗ ಶಾಲೆಗೆ ಹೋಗುವ ದಾರಿಯನ್ನು ಕೆಲಸದ ದಿನ ಬೆಳಿಗ್ಗೆ ಏಳಕ್ಕೆ ಒಮ್ಮೆ ಹೋಗಿ ನೋಡಿ. ಭಾನುವಾರ ಮಧ್ಯಾಹ್ನ ಇಪ್ಪತ್ತು ನಿಮಿಷದ ದಾರಿ ಸೋಮವಾರ ಮುಕ್ಕಾಲು ಗಂಟೆ ಆಗುತ್ತದೆ. ಅಡ್ವಾನ್ಸಿಗೂ ಕಾನೂನಿನ ಮಿತಿಗಳಿವೆ. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, 2019ರ ಕಾಯ್ದೆ ಅದು. ಕೊಟ್ಟ ಹಣವನ್ನು 30 ದಿನದೊಳಗೆ ಸರ್ಕಾರ ಮಾನ್ಯ ಮಾಡಿದ ರಕ್ಷಣಾ ಯೋಜನೆಯಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಜರ್ಮನಿಯಲ್ಲಿ ಮಿತಿ ಮೂರು ತಿಂಗಳ ಮೂಲ ಬಾಡಿಗೆ, ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕಿದೆ. ಅಲ್ಲಿನ ಜಾಹೀರಾತಿನಲ್ಲಿ ‘ತಣ್ಣನೆಯ ಬಾಡಿಗೆ’ ಎಂದಿದ್ದರೆ ಬಿಸಿನೀರು, ಹೀಟಿಂಗ್, ನಿರ್ವಹಣೆ ಸೇರಿಲ್ಲ ಎಂದರ್ಥ. ಎಷ್ಟೋ ಮನೆಗಳಲ್ಲಿ ಅಡುಗೆ ಕಟ್ಟೆ, ಒಲೆ, ಸಿಂಕ್ ಏನೂ ಇರುವುದಿಲ್ಲ. ಜಪಾನಿನಲ್ಲಿ ಅಡ್ವಾನ್ಸ್ ಅಲ್ಲದೆ ಮಾಲೀಕರಿಗೆ ಕೊಡುವ, ಮರಳಿ ಬಾರದ ಇನ್ನೊಂದು ಮೊತ್ತ ಕೆಲವು ಮನೆಗಳಿಗೆ ಇರುತ್ತದೆ, ಜಾಮೀನು ಕಂಪನಿಯ ಶುಲ್ಕ ಬೇರೆ. ಎಲ್ಲೇ ಆಗಲಿ, ಕೀಲಿ ಪಡೆದ ದಿನ ಸಾಮಾನು ಇಳಿಸುವ ಮೊದಲು ಪ್ರತಿ ಗೋಡೆ, ನೆಲ, ಒಲೆ, ಬಚ್ಚಲು, ಕಿಟಕಿಯ ಫೋಟೊ, ವಿದ್ಯುತ್ ನೀರು ಗ್ಯಾಸ್ ಮೀಟರಿನ ಫೋಟೊ ತೆಗೆದು ಅಂದೇ ಮಾಲೀಕರಿಗೆ ಇ-ಮೇಲ್ ಮಾಡಿ. ಬಿಡುವಾಗ ಹಳೆಯ ಕಲೆಗೆ ಹಣ ಕಡಿಯುವುದನ್ನು ತಡೆಯಲು ಇದಕ್ಕಿಂತ ಗಟ್ಟಿ ಆಧಾರ ಇಲ್ಲ.

ಔಷಧದ ಬಗ್ಗೆ ಒಂದು ಎಚ್ಚರಿಕೆ. ಒಂದು ದೇಶದಲ್ಲಿ ಸುಲಭವಾಗಿ ಸಿಗುವ ಮಾತ್ರೆ ಇನ್ನೊಂದರಲ್ಲಿ ಅಪರಾಧವಾಗಬಹುದು. ಜಪಾನಿಗೆ ಆಂಫೆಟಮಿನ್ ಇರುವ ಔಷಧ ತರುವಂತೆಯೇ ಇಲ್ಲ, ನೆಗಡಿ ಮಾತ್ರೆಗಳಲ್ಲಿರುವ ಸೂಡೊಎಫೆಡ್ರಿನ್ ಪ್ರಮಾಣ ಶೇಕಡ 10 ಮೀರಿದರೂ ಇಲ್ಲ. ಯುಎಇಗೆ ಕೊಡೀನ್, ಟ್ರಾಮಡಾಲ್ ಒಯ್ಯಲು ಮುಂಗಡ ಅನುಮತಿ ಬೇಕು. ಮಾತ್ರೆಗಳು ಮೂಲ ಪೆಟ್ಟಿಗೆಯಲ್ಲೇ ಇರಲಿ, ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ. ಉಳಿದ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಎಲ್ಲ ಕಡೆ ನಡೆಯುತ್ತದೆ. 230 ವೋಲ್ಟಿನ ಇಸ್ತ್ರಿ ಪೆಟ್ಟಿಗೆ ಅಮೆರಿಕದ 120ಕ್ಕೂ ಜಪಾನಿನ 100ಕ್ಕೂ ಸರಿಯಾಗಿ ಕಾಯುವುದಿಲ್ಲ, ಬಿಟ್ಟುಹೋಗಿ.

ಈಗ ತರಗತಿ. ಮೊದಲ ವಾರ ಓದಲೇಬೇಕಾದ ದಾಖಲೆ ಪಠ್ಯಕ್ರಮವಲ್ಲ, ಶಾಲೆಯ ಮಕ್ಕಳ ಸುರಕ್ಷತಾ ನೀತಿ. ಎಷ್ಟೇ ವರ್ಷ ಅನುಭವ ಇರುವವರೂ ಎಡವುವುದು ಇಲ್ಲೇ, ಅದೂ ಪ್ರೀತಿಯಿಂದಲೇ. ಮಗುವೊಂದು ತನಗಾಗುತ್ತಿರುವ ತೊಂದರೆ ಹೇಳಿಕೊಂಡರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡುವಂತಿಲ್ಲ. ‘ಅಪ್ಪ ಹೊಡೆದರಾ?’ ಎಂಬಂಥ, ಉತ್ತರವನ್ನು ಬಾಯಿಗೆ ಇಡುವ ಪ್ರಶ್ನೆ ಕೇಳುವಂತಿಲ್ಲ. ಪೋಷಕರಿಗೆ ಫೋನ್ ಮಾಡಿ ವಿಚಾರಿಸುವಂತಿಲ್ಲ. ಕೇಳಿಸಿಕೊಂಡು, ಮಗು ಬಳಸಿದ ಪದಗಳನ್ನೇ ಸಮಯ ದಿನಾಂಕ ಸಹಿತ ಬರೆದು, ಅದೇ ದಿನ ಆ ಹೊಣೆ ಹೊತ್ತವರಿಗೆ ಕೊಡಬೇಕು. ಇಂಗ್ಲೆಂಡಿನ ಪ್ರತಿ ಶಾಲೆಯಲ್ಲಿ ಅಂಥ ಒಬ್ಬ ನಿಯೋಜಿತ ಅಧಿಕಾರಿ ಇರುತ್ತಾರೆ. ಅಮೆರಿಕದ ರಾಜ್ಯಗಳಲ್ಲಿ ಅನುಮಾನವನ್ನು ವರದಿ ಮಾಡುವುದು ಶಿಕ್ಷಕರಿಗೆ ಕಾನೂನಿನ ಕಡ್ಡಾಯ. ಸ್ವಂತ ಫೋನಿನಲ್ಲಿ ಮಕ್ಕಳ ಫೋಟೊ ತೆಗೆಯುವುದು, ಸಾಮಾಜಿಕ ಜಾಲತಾಣದಲ್ಲಿ ಅವರ ಕೋರಿಕೆ ಒಪ್ಪುವುದು, ಅಂಕಗಳನ್ನು ಹೆಸರು ಸಹಿತ ಗೋಡೆಗೆ ಹಚ್ಚುವುದು, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿಗೆ ಪಾಠ ಹೇಳುವುದು, ಇವೆಲ್ಲ ಒಂದು ಕಡೆ ಸಹಜವೆನಿಸಿ ಇನ್ನೊಂದು ಕಡೆ ಕೆಲಸವನ್ನೇ ಕಳೆಯಬಲ್ಲವು. ಹೊಡೆಯುವ ಮಾತಿರಲಿ, ಭುಜ ಹಿಡಿದು ಕೂರಿಸುವುದಕ್ಕೂ ದೂರು ಬರುತ್ತದೆ.

ಹಾಜರಿಯನ್ನು ಪಾಠದ ಕೊನೆಗೆ ನೆನಪಾದಾಗ ಹಾಕುವ ಅಭ್ಯಾಸ ಇದ್ದರೆ ಬಿಡಬೇಕು. ಇಂಗ್ಲೆಂಡಿನಲ್ಲಿ ಬೆಳಗಿನ ಅವಧಿಯ ಆರಂಭದಲ್ಲಿ ಒಮ್ಮೆ, ಮಧ್ಯಾಹ್ನದ ಅವಧಿಯಲ್ಲಿ ಒಮ್ಮೆ ಹಾಜರಿ ಹಾಕುವುದು ಕಾನೂನು. ಬೆಂಕಿಯ ಗಂಟೆ ಹೊಡೆದಾಗ ಯಾರು ಹೊರಗೆ ಬಂದಿಲ್ಲ ಎಂದು ತಿಳಿಯುವುದು ಅದರಿಂದಲೇ. ಅಮೆರಿಕದಲ್ಲಿ ವಿಶೇಷ ಅಗತ್ಯದ ಮಗುವಿಗೆ ಐಇಪಿ ಎಂಬ ವೈಯಕ್ತಿಕ ಯೋಜನೆ ಇದ್ದರೆ ಅದು ಸಲಹೆಯಲ್ಲ, ಕಾನೂನಿನ ಬಲವಿರುವ ದಾಖಲೆ. ಪರೀಕ್ಷೆಗೆ ಒಂದೂವರೆ ಪಟ್ಟು ಸಮಯ ಎಂದು ಅದರಲ್ಲಿದ್ದರೆ ವಾರದ ಕಿರು ಪರೀಕ್ಷೆಗೂ ಕೊಡಬೇಕು. ಮೊದಲ ಪಾಠಕ್ಕೆ ಮುನ್ನವೇ ಎಲ್ಲ ತರಗತಿಗಳ ಇಂಥ ಮಕ್ಕಳ ಪಟ್ಟಿ ಕೇಳಿ ಪಡೆಯಿರಿ.

ಅಂಕಗಳ ದಿಕ್ಕೇ ಬೇರೆ ಇರಬಹುದು. ಜರ್ಮನಿಯಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ. ಇಂಗ್ಲೆಂಡಿನಲ್ಲಿ ಸುಮಾರು ಹದಿನಾರರ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ 9 ಅತ್ಯುತ್ತಮ, 1 ತೀರ ಕೆಳಗೆ. ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದಲ್ಲಿ 7 ಮೇಲಿನದು. ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಸಾವಿರ ಗುರುತಿಸಲು ಚುಕ್ಕಿ. ಅಲ್ಲಿನ ಮಗು ಬರೆದ 1.000 ಒಂದು ಸಾವಿರ. ಗಣಿತ ಶಿಕ್ಷಕರು ಬ್ರಿಟನ್ನಿನಲ್ಲಿ ಟ್ರೆಪೀಜಿಯಂ ಎನ್ನುವ ಆಕೃತಿ ಅಮೆರಿಕದಲ್ಲಿ ಟ್ರೆಪೆಜಾಯ್ಡ್ ಆಗುತ್ತದೆ, ಭಾಗಾಕಾರ ಬರೆಯುವ ರೀತಿಯೂ ಬದಲಾಗುತ್ತದೆ. ಮಕ್ಕಳ ಹಿಂದಿನ ವರ್ಷದ ನೋಟ್‌ಬುಕ್ ನಾಲ್ಕೈದನ್ನು ಕೇಳಿ ಪಡೆದು ಒಂದು ಸಂಜೆ ನೋಡಿದರೆ ಇಂಥವು ಎಷ್ಟೋ ಕಣ್ಣಿಗೆ ಬೀಳುತ್ತವೆ. ಪಠ್ಯಕ್ರಮದ ಕಡತ ಇದನ್ನು ಹೇಳುವುದಿಲ್ಲ.

ಮಾತು ಅರ್ಥವಾಗುತ್ತಿಲ್ಲ ಎಂಬ ದೂರು ಬಂದಾಗ ಹೊಸಬರು ಉಚ್ಚಾರಣೆ ಬದಲಿಸಲು ಹೊರಡುತ್ತಾರೆ. ಅದು ಬೇಡ. ಹೆಚ್ಚಿನ ವೇಳೆ ತೊಂದರೆ ವೇಗದ್ದು. ಸೂಚನೆಯನ್ನು ಬಾಯಲ್ಲಿ ಹೇಳಿ, ಹಲಗೆಯ ಮೇಲೂ ಬರೆಯಿರಿ. ಪಾಠದ ಹತ್ತು ಮುಖ್ಯ ಪದಗಳನ್ನು ಮೊದಲೇ ಬರೆದಿಡಿ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದಂತೆ, ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡಿಗೇ ಉತ್ತರ ಬಯಸುತ್ತಾರೆ. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ನಿಮ್ಮ ಮಾತಿಗೆ ಕಿವಿ ಹೊಂದಿಸಿಕೊಳ್ಳುತ್ತಿರುವ ಮಕ್ಕಳಿಗೆ ಆ ಮೂರು ಸೆಕೆಂಡ್ ಇನ್ನೂ ಮುಖ್ಯ. ಹೆಸರುಗಳನ್ನು ಸರಿಯಾಗಿ ಕರೆಯಲು ಮೊದಲ ದಿನವೇ ಕಲಿಯಬೇಕು: ಕೂರುವ ಜಾಗದ ನಕ್ಷೆಯಲ್ಲಿ ಪ್ರತಿ ಹೆಸರಿನ ಪಕ್ಕ ಮಗು ಹೇಳಿದಂತೆ ನಿಮ್ಮ ಲಿಪಿಯಲ್ಲಿ ಬರೆದುಕೊಳ್ಳಿ.

ಶಿಸ್ತಿನ ವಿಷಯದಲ್ಲಿ ಕಠಿಣವಾಗಿರಿ, ಸಲೀಸಾಗಿರಿ ಎಂಬ ಎರಡೂ ಸಲಹೆ ಪ್ರಯೋಜನಕ್ಕೆ ಬಾರದು. ಪ್ರತಿ ಶಾಲೆಗೂ ತನ್ನದೇ ಮೆಟ್ಟಿಲುಗಳಿರುತ್ತವೆ: ಮೊದಲ ಎಚ್ಚರಿಕೆ, ಎರಡನೆಯದು, ಜಾಗ ಬದಲು, ಹೊರಗೆ ಕಳಿಸುವುದು, ಪೋಷಕರಿಗೆ ತಿಳಿಸುವುದು. ಮಕ್ಕಳಿಗೆ ಅವು ಬಾಯಿಪಾಠ. ಒಂದು ಮೆಟ್ಟಿಲು ಹಾರಿ ನೇರ ಹೊರಗೆ ಕಳಿಸಿದ ಶಿಕ್ಷಕರನ್ನು ಮಕ್ಕಳು ಅನ್ಯಾಯ ಮಾಡಿದವರೆಂದೇ ತಿಳಿಯುತ್ತಾರೆ, ಎರಡು ಸಲ ಹೇಳಿ ಮಾಡದೆ ಬಿಟ್ಟವರನ್ನು ಮೂರನೆಯ ಸಲ ಕೇಳುವುದಿಲ್ಲ. ಪಕ್ಕದ ತರಗತಿಯಲ್ಲಿ ಅದೇ ಮಕ್ಕಳು ಹೇಗಿರುತ್ತಾರೆ ಎಂದು ಬಿಡುವಿನ ಪೀರಿಯಡ್‌ನಲ್ಲಿ ಹೋಗಿ ಕುಳಿತು ನೋಡುವುದಕ್ಕಿಂತ ಒಳ್ಳೆಯ ತರಬೇತಿ ಇಲ್ಲ. ಎರಡನೆಯ ವಾರದೊಳಗೆ ಎರಡು ಮೂರು ತರಗತಿಗಳಲ್ಲಾದರೂ ಕುಳಿತು ನೋಡಲು ಅನುಮತಿ ಕೇಳಿ.

ಮೊದಲ ಅವಧಿಯಲ್ಲಿ ಕಾಯಿಲೆ ಬೀಳುವುದು ಸಾಮಾನ್ಯ. ಹೊಸ ಊರಿನ ನೆಗಡಿ ಜ್ವರ, ಹೀಟರ್ ಅಥವಾ ಏಸಿಯ ಒಣ ಗಾಳಿ, ದಿನಕ್ಕೆ ಐದು ಪೀರಿಯಡ್ ಗಂಟಲು. ರಜೆ ಹೇಳುವ ಕ್ರಮ ಮೊದಲೇ ತಿಳಿದಿರಲಿ: ಯಾರಿಗೆ, ಎಷ್ಟು ಗಂಟೆಯೊಳಗೆ, ಫೋನೋ ಸಂದೇಶವೋ, ವೈದ್ಯರ ಚೀಟಿ ಎಷ್ಟನೇ ದಿನದಿಂದ. ಬದಲಿ ಶಿಕ್ಷಕರಿಗೆ ಕೊಡಲು ಎರಡು ದಿನದ ಕೆಲಸ ಮೇಜಿನ ಮೇಲೆ ಸದಾ ಇರಲಿ.

ಮನಸ್ಸು ಕುಗ್ಗುವುದರ ಬಗ್ಗೆಯೂ ನೇರವಾಗಿ ಹೇಳಬೇಕು. ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್ 1960ರಲ್ಲೇ ಇದರ ಹಂತಗಳನ್ನು ವಿವರಿಸಿದ್ದಾರೆ. ಮೊದಲು ಎಲ್ಲವೂ ಚಂದ, ನಂತರ ಎಲ್ಲದರ ಮೇಲೂ ಸಿಟ್ಟು, ಆಮೇಲೆ ನಿಧಾನವಾಗಿ ಹೊಂದಿಕೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುತ್ತದೆ ಎಂದಲ್ಲ. ಆದರೆ ಕುಸಿತ ಬರುವುದು ಬಂದ ವಾರದಲ್ಲಲ್ಲ, ಓಡಾಟ ಮುಗಿದು, ದಿನಗಳು ಒಂದೇ ತರಹ ಆದ ಮೇಲೆ. ಆಗ ಮೌಲ್ಯಮಾಪನ, ಪೋಷಕರ ಸಭೆ, ಮೇಲಿನವರು ತರಗತಿಯಲ್ಲಿ ಕುಳಿತು ಮಾಡುವ ಪಾಠ ವೀಕ್ಷಣೆ ಒಟ್ಟಿಗೆ ಬಂದಿರುತ್ತವೆ. ರಾಜೀನಾಮೆಯ ನಿರ್ಧಾರವನ್ನು ಆ ವಾರಗಳಲ್ಲಿ ಮಾಡಬೇಡಿ. ವಾರಕ್ಕೆ ಒಂದು ಸಂಜೆಯಾದರೂ ಶಾಲೆಗೆ ಸಂಬಂಧವಿಲ್ಲದ ಜನರ ಜೊತೆ ಇರುವ ಏರ್ಪಾಡು ಮೊದಲ ತಿಂಗಳಲ್ಲೇ ಮಾಡಿಕೊಳ್ಳಿ: ಭಾಷಾ ತರಗತಿ, ಓಟದ ಗುಂಪು, ಗ್ರಂಥಾಲಯ, ಯಾವುದಾದರೂ. ಕುಸಿದ ಮೇಲೆ ಹುಡುಕಲು ಶಕ್ತಿ ಇರುವುದಿಲ್ಲ. ಜೊತೆಯಲ್ಲಿ ಬಂದ ಗಂಡ ಅಥವಾ ಹೆಂಡತಿಗೆ ಕೆಲಸ ಮಾಡುವ ಹಕ್ಕು ವೀಸಾದಲ್ಲಿ ಇದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿ. ಶಿಕ್ಷಕರಿಗೆ ಶಾಲೆಯಾದರೂ ಇದೆ, ಮನೆಯಲ್ಲಿ ಉಳಿದವರಿಗೆ ಅದೂ ಇಲ್ಲ. ಒಳ್ಳೆಯ ಕೆಲಸ ಬಿಟ್ಟು ಮರಳುವವರಲ್ಲಿ ಈ ಕಾರಣಕ್ಕೆ ಮರಳುವವರು ಕಡಿಮೆಯೇನಿಲ್ಲ.

ಏಜೆಂಟರಿಗೆ ಹಣ ಕೊಡುವ ವಿಚಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎನ್ನುತ್ತದೆ. ಬ್ರಿಟನ್ನಿನಲ್ಲಿ 1973ರ ಕಾಯ್ದೆಯೇ ಕೆಲಸ ಹುಡುಕಿಕೊಟ್ಟದ್ದಕ್ಕೆ ಶುಲ್ಕ ಕೇಳುವುದನ್ನು ತಡೆಯುತ್ತದೆ. ‘ಹುದ್ದೆ ಕಾಯ್ದಿರಿಸಲು’ ಹಣ ಕೇಳಿದವರ ಹೆಸರು ಹೇಳಿ, ಶಾಲೆಯ ಜಾಲತಾಣದಲ್ಲಿರುವ ದೂರವಾಣಿಗೆ ನೀವೇ ಕರೆ ಮಾಡಿ ವಿಚಾರಿಸಿ. ಏಜೆಂಟರು ಕೊಟ್ಟ ನಂಬರಿಗಲ್ಲ.

ಕೊನೆಯದಾಗಿ, ಹೊರಗಿನಿಂದ ಶಿಕ್ಷಕರನ್ನು ಕರೆಸುವ ಶಾಲೆಗಳಿಗೆ ನಮ್ಮ ಕೋರಿಕೆ. ಇವಕ್ಕೆ ದೊಡ್ಡ ಖರ್ಚಿಲ್ಲ. ವಿಳಾಸ ಮತ್ತು ಸಂಬಳ ನಮೂದಿಸಿದ ಪತ್ರವನ್ನು ಶಿಕ್ಷಕರು ಇಳಿಯುವ ದಿನಕ್ಕೆ ಸಹಿ ಮಾಡಿ ಸಿದ್ಧವಿಡಿ. ಸಂಬಳ ಪಟ್ಟಿ ಮುಚ್ಚುವ ದಿನಾಂಕವನ್ನು ನೇಮಕಾತಿ ಪತ್ರದಲ್ಲೇ ಬರೆಯಿರಿ. ನೋಂದಣಿ ಮತ್ತು ಬ್ಯಾಂಕಿಗೆ ಜೊತೆಗೆ ಹೋಗಲು, ಮೇಲಧಿಕಾರಿಯಲ್ಲದ ಒಬ್ಬ ಸಹೋದ್ಯೋಗಿಯನ್ನು ಗೊತ್ತುಮಾಡಿ, ಅವರ ಒಂದೆರಡು ಪೀರಿಯಡ್ ಬಿಡುವು ಮಾಡಿಕೊಡಿ. ತರಗತಿ ಶುರುವಾಗುವುದಕ್ಕೆ ಎರಡು ವಾರ ಮೊದಲು ಕರೆಸಿಕೊಳ್ಳಿ, ಎರಡು ದಿನ ಮೊದಲಲ್ಲ. ಮೊದಲ ಪಾಠ ವೀಕ್ಷಣೆಯನ್ನು ಆರನೆಯ ವಾರಕ್ಕೆ ಮುಂಚೆ ಇಡಬೇಡಿ. ಶಿಕ್ಷಕರು ಕೂಡ ಸಂದರ್ಶನದ ಕೊನೆಯಲ್ಲಿ ‘ನಿಮಗೆ ಏನಾದರೂ ಕೇಳುವುದಿದೆಯೇ?’ ಎಂದಾಗ ಸುಮ್ಮನಿರದೆ ಈ ಐದನ್ನೂ ಒಂದೊಂದಾಗಿ ಕೇಳಲಿ.

ಇಂತಿ,
ಹೊರದೇಶದ ಶಾಲೆಗಳಲ್ಲಿ ಕಲಿಸುತ್ತಿರುವ ಕೆಲವು ಶಿಕ್ಷಕರು